ಸ್ಪಷ್ಟ

ಹವ್ಯಾಸಿ ರೇಡಿಯೊದವರು ಸಂಪರ್ಕ ಸಿಕ್ಕ ಕೂಡಲೇ ‘ಐದು, ಒಂಬತ್ತು’ ಎಂದು ಹೇಳಿಕೊಳ್ಳುತ್ತಾರೆ. ಐದು ಸ್ಪಷ್ಟತೆಗೆ, ಒಂಬತ್ತು ಸಂಕೇತದ ಬಲಕ್ಕೆ. 1934ರಲ್ಲಿ ರೂಪುಗೊಂಡ ಈ ಆರ್‌ಎಸ್‌ಟಿ ಪದ್ಧತಿ ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯುತ್ತದೆ. ಬಲವನ್ನು ಮೀಟರಿನ ಮುಳ್ಳು ತೋರಿಸೀತು. ಸ್ಪಷ್ಟತೆಯನ್ನು ಕಿವಿಯೇ ತೀರ್ಮಾನಿಸಬೇಕು. ಪಕ್ಕದ ಕೇಂದ್ರದ ಗದ್ದಲದಲ್ಲಿ ಒಂಬತ್ತರ ಬಲದ ದನಿಗೂ ಮೂರೇ ಅಂಕ ಸಿಗಬಹುದು. ಮುಳ್ಳನ್ನು ಅಲುಗಿಸಲಾರದ ಸಣ್ಣ ದನಿಯ ಅಕ್ಷರ ಅಕ್ಷರವೂ ಅರ್ಥವಾಗಬಹುದು. ನಾವಾದರೋ ಫೋನಿನಲ್ಲಿ ‘ಸ್ಪಷ್ಟವಾಗಿ ಹೇಳಿ’ ಎಂದು ಕೂಗಿ, ‘ಜೋರಾಗಿ’ ಎಂಬ ಅರ್ಥ ಹೊರಡಿಸುತ್ತೇವೆ. ಈ ಬೆರಕೆ ಬೇಡ.

‘ಸ್ಪಷ್ಟ’ ಪದ ಹುಟ್ಟಿದ್ದು ಕಿವಿಯಲ್ಲಲ್ಲ, ಕಣ್ಣಿನಲ್ಲಿ. ಸಂಸ್ಕೃತದ ‘ಸ್ಪಶ್’ ಎಂದರೆ ನೋಡು. ಋಗ್ವೇದದಲ್ಲಿ ವರುಣನ ಗೂಢಚಾರರಿಗೂ ಇದೇ ಹೆಸರು. ‘ಪಶ್ಯತಿ’ ಹತ್ತಿರದ ನೆಂಟ. ಕಣ್ಣಿಗೆ ನಿಚ್ಚಳವಾಗಿ ಕಂಡದ್ದು ‘ಸ್ಪಷ್ಟ’. ಆಮೇಲೆ ಅದು ದನಿಗೂ ವಿಚಾರಕ್ಕೂ ಹಬ್ಬಿತು. ಲ್ಯಾಟಿನ್ನಿನ ‘ಸ್ಪೆಕೆರೆ’ ಇದೇ ಬೇರಿನದು, ಅದರಿಂದಲೇ ‘ಸ್ಪೆಕ್ಟ್ರಮ್’. ರೇಡಿಯೊ ಅಲೆಗಳ ಹರಹಿಗೂ ಅವು ಹೊತ್ತು ತರುವ ಮಾತಿನ ಸ್ಪಷ್ಟತೆಗೂ ಒಂದೇ ಮೂಲ! ನನಗೆ ತುಂಬ ಪ್ರಿಯವಾದ ನಂಟು ಇದು.

‘ಸ್ಪಷ್ಟ’ಕ್ಕೆ ಕನ್ನಡದ್ದೇ ಆದ ಮಾತು ‘ತಿಳಿ’. ತಿಳಿನೀರಿನಲ್ಲೂ ಇದೆ, ತಿಳಿದುಕೊಳ್ಳುವುದರಲ್ಲೂ ಇದೆ. ತಮಿಳಿನ ‘ತೆಳಿ’, ತೆಲುಗಿನ ‘ತೆಲಿಯು’ ಒಡಹುಟ್ಟಿದವು. ಅಂದಹಾಗೆ, ‘ಸ್ಪಷ್ಠ’ ಎಂದು ಮಹಾಪ್ರಾಣ ಹಾಕಿ ಬರೆಯುವುದು ತಪ್ಪು.