ಕೆಲಸ ಬಿಟ್ಟ ತಾರೀಖು ಬರೆಯುವವರು ಯಾರು?

2023ರ ಬೇಸಿಗೆ. ಮದ್ದೂರು ಕಡೆಯ ಒಂದು ಸೈಬರ್ ಸೆಂಟರ್. ನಮ್ಮ ಬಳಗದವರೊಬ್ಬರ ಪಕ್ಕದ ಮನೆಯ ಅಕ್ಕ ಪಿಎಫ್ ಹಣ ತೆಗೆಯಲು ಬಂದಿದ್ದರು. ಆರು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಆರ್ಡರ್ ಇಲ್ಲ ಅಂತ ಅವರ ಲೈನನ್ನೇ ನಿಲ್ಲಿಸಿಬಿಟ್ಟಿದ್ದರು. ಎರಡೂವರೆ ತಿಂಗಳು ಮನೆಯಲ್ಲೇ. ಮಗಳ ಕಾಲೇಜು ಫೀಸು, ಸಂಘದ ವಾರದ ಕಂತು ಎರಡೂ ಬಾಕಿ. ಬೇರೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ಸೋಮವಾರ ಸೇರಬೇಕು.

ಕಂಪ್ಯೂಟರ್ ಮುಂದೆ ಕೂತ ಹುಡುಗ ಹೇಳಿದ: "ಅಕ್ಕ, ನೀವು ಇನ್ನೂ ಕೆಲಸದಲ್ಲೇ ಇದ್ದೀರ ಅಂತ ತೋರಿಸ್ತಾ ಇದೆ."

"ಬಿಟ್ಟು ಎರಡೂವರೆ ತಿಂಗಳಾಯ್ತಲ್ಲಪ್ಪ?"

"ಕಂಪನಿಯವರು ಬಿಟ್ಟ ಡೇಟ್ ಹಾಕಿಲ್ಲ ಕಣಕ್ಕ."

ಮನೆಯಲ್ಲಿ ಕೂತು ಎರಡೂವರೆ ತಿಂಗಳು ಆಗಿದ್ದರೂ ದಾಖಲೆಯ ಪ್ರಕಾರ ಆ ಅಕ್ಕ ದಿನಾ ಕೆಲಸಕ್ಕೆ ಹೋಗುತ್ತಿದ್ದರು! ಕೆಲಸ ಹೋಗಿದ್ದು ಅವರದು, ಹಣ ಅವರದು. ಕೆಲಸ ಹೋದ ತಾರೀಖು ಮಾತ್ರ ಬೇರೆಯವರ ಕೈಯಲ್ಲಿ. ಅದು ಅಲ್ಲಿಗೆ ಹೋಗಿದ್ದು ಹೇಗೆ, ಅಲ್ಲಿಂದ ವಾಪಸು ಬರುತ್ತಿರುವುದು ಹೇಗೆ ಎಂದು ಹುಡುಕುತ್ತಾ ಹೋದ ನಮಗೆ ನೂರು ವರ್ಷಕ್ಕೂ ಹಳೆಯ ಕಥೆಯೊಂದು ಸಿಕ್ಕಿತು.

ಬ್ರಿಟನ್ನಿನ ಪುಸ್ತಕ

ಇಡೀ ದೇಶಕ್ಕೆ ಅನ್ವಯಿಸುವಂತೆ ನಿರುದ್ಯೋಗ ವಿಮೆಯನ್ನು ಕಡ್ಡಾಯ ಮಾಡಿದ ಮೊದಲ ಕಾನೂನು ಬಂದಿದ್ದು ಬ್ರಿಟನ್ನಿನಲ್ಲಿ, 1911ರಲ್ಲಿ. ಕಟ್ಟಡ ಕೆಲಸ, ಹಡಗು ಕಟ್ಟುವುದು, ಎಂಜಿನಿಯರಿಂಗ್ ಮುಂತಾದ ಕೆಲವು ಕಸುಬುಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ವಾರ ವಾರ ಕಾರ್ಮಿಕರು ಎರಡೂವರೆ ಪೆನ್ನಿ, ಮಾಲೀಕರು ಎರಡೂವರೆ ಪೆನ್ನಿ ಕಟ್ಟಬೇಕು, ಸರ್ಕಾರವೂ ಪಾಲು ಹಾಕುತ್ತಿತ್ತು. ಕೆಲಸ ಹೋದರೆ ವಾರಕ್ಕೆ 7 ಷಿಲಿಂಗ್, ವರ್ಷದಲ್ಲಿ ಹೆಚ್ಚೆಂದರೆ 15 ವಾರ. 1913ರ ಜನವರಿಯಲ್ಲಿ ಮೊದಲ ಹಣ ಕೈಸೇರಿತು.

ಕಾರ್ಮಿಕರ ಹೆಸರಿನಲ್ಲಿ ಒಂದು ಪುಸ್ತಕ ಇರುತ್ತಿತ್ತು. ಕಟ್ಟಿದ ಹಣಕ್ಕೆ ಅದರಲ್ಲಿ ಸ್ಟಾಂಪ್ ಅಂಟಿಸುತ್ತಿದ್ದರು. ಕೆಲಸದಲ್ಲಿ ಇರುವಷ್ಟು ದಿನ ಆ ಪುಸ್ತಕ ಮಾಲೀಕರ ಹತ್ತಿರ. ಕೆಲಸ ಹೋದ ದಿನ ಅದನ್ನು ವಾಪಸು ಕೊಡಬೇಕು. ಅದನ್ನು ಹಿಡಿದು ಉದ್ಯೋಗ ಕಚೇರಿಗೆ ಹೋದವರಿಗೆ ಮಾತ್ರ ಭತ್ಯೆ. ಹೊಸ ಕೆಲಸ ಸಿಕ್ಕರೆ ಪುಸ್ತಕ ಹೊಸ ಮಾಲೀಕರ ಕೈಗೆ.

ಇನ್ನೊಂದು ನಿಯಮವೂ ಇತ್ತು. ಸರಿಯಾದ ಕಾರಣವಿಲ್ಲದೆ ತಾನಾಗಿ ಕೆಲಸ ಬಿಟ್ಟವರಿಗೆ, ತಪ್ಪು ಮಾಡಿ ಕೆಲಸ ಕಳೆದುಕೊಂಡವರಿಗೆ ಆರು ವಾರ ಏನೂ ಇಲ್ಲ. ಅಂದರೆ ತಾರೀಖಿನ ಜೊತೆ ಕಾರಣವೂ ಮುಖ್ಯವಾಯಿತು. ಈ ಎರಡು ಮಾತು ನೆನಪಿಟ್ಟುಕೊಳ್ಳಿ: ತಾರೀಖು ಮತ್ತು ಕಾರಣ. ಮುಂದಿನ ಕಥೆಯೆಲ್ಲ ಇವೆರಡರ ಸುತ್ತಲೇ ತಿರುಗುತ್ತದೆ.

ನಮ್ಮಲ್ಲಿ ಬಿಟ್ಟುಹೋದ ಸಾಲು

ನಮ್ಮ ದೇಶದಲ್ಲಿ ಕಾರ್ಮಿಕರ ವಿಮೆಗೆ ಯೋಜನೆ ತಯಾರಿಸಲು 1943ರಲ್ಲಿ ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನು ನೇಮಿಸಿದರು. ಮರುವರ್ಷ ಅವರು ಕೊಟ್ಟ ವರದಿಯೇ ಮುಂದೆ 1948ರ ಇಎಸ್‌ಐ ಕಾಯ್ದೆಗೆ ಬುನಾದಿ. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಪೆಟ್ಟು, ಎಲ್ಲಕ್ಕೂ ಅದರಲ್ಲಿ ಜಾಗ ಇತ್ತು. ಕೆಲಸ ಹೋದರೆ ಏನು ಎಂಬುದಕ್ಕೆ ಇರಲಿಲ್ಲ.

ಸಂವಿಧಾನದ 41ನೇ ವಿಧಿ ನಿರುದ್ಯೋಗದ ಕಾಲದಲ್ಲಿ ಸರ್ಕಾರ ನೆರವಾಗಬೇಕು ಎನ್ನುತ್ತದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತೂ ಅಲ್ಲೇ ಇದೆ. ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಕೇಳುವ ಹಕ್ಕಲ್ಲ.

ಹಾಗಾಗಿ ಭಾರ ಎರಡು ಕಡೆ ಬಿತ್ತು. ಒಂದು, ಮಾಲೀಕರ ಮೇಲೆ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಹೊಸ ಅಧ್ಯಾಯ ಸೇರಿತು. ಕೆಲಸವಿಲ್ಲವೆಂದು ಮನೆಗೆ ಕಳಿಸುವ ಲೇ-ಆಫ್ ದಿನಗಳಿಗೆ ಅರ್ಧ ಸಂಬಳ. ಕೆಲಸದಿಂದಲೇ ತೆಗೆದರೆ, ಮಾಡಿದ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸಂಬಳ. ಎಂಟು ವರ್ಷ ದುಡಿದಿದ್ದರೆ 120 ದಿನದ ಸಂಬಳ ಬರಬೇಕು.

ಆದರೆ ಇದು ತೆಗೆದುಹಾಕಲ್ಪಟ್ಟವರಿಗೆ ಮಾತ್ರ. ತಾನಾಗಿ ಬಿಟ್ಟವರಿಗೆ ಇಲ್ಲ. "ಒಂದು ರಾಜೀನಾಮೆ ಬರೆದುಕೊಡಿ, ಸೆಟ್ಲ್‌ಮೆಂಟ್ ಬೇಗ ಮಾಡಿಸ್ತೀವಿ" ಎಂಬ ಮಾತನ್ನು ಗಾರ್ಮೆಂಟ್ಸ್‌ಗೆ ಹೋಗುವ ನಮ್ಮೂರ ಹೆಣ್ಣುಮಕ್ಕಳಿಂದ ನಾವು ಎಷ್ಟೋ ಸಲ ಕೇಳಿದ್ದೇವೆ. ಆ ಒಂದು ಹಾಳೆಯಲ್ಲಿ ಕಾರಣವೇ ಬದಲಾಗಿಬಿಡುತ್ತದೆ. ತೆಗೆದವರು ಪಾರಾಗುತ್ತಾರೆ, ಬಿಟ್ಟವರು ಇವರೇ ಎಂದಾಗುತ್ತದೆ.

ಎರಡನೆಯ ಭಾರ ಬಿದ್ದಿದ್ದು ಕಾರ್ಮಿಕರ ಉಳಿತಾಯದ ಮೇಲೆಯೇ. 1952ರ ಪಿಎಫ್ ಕಾಯ್ದೆ ಇದ್ದಿದ್ದು ಮುಪ್ಪಿನ ಕಾಲಕ್ಕೆ. ಆದರೆ ಎರಡು ತಿಂಗಳು ಕೆಲಸ ಇಲ್ಲದಿದ್ದರೆ ಹಣ ತೆಗೆಯಲು ದಾರಿ ಇತ್ತು. ಬೇರೆ ಭತ್ಯೆ ಇಲ್ಲದ ದೇಶದಲ್ಲಿ ಅದೇ ನಿರುದ್ಯೋಗ ಭತ್ಯೆಯಂತಾಯಿತು. ಮುಪ್ಪಿಗೆ ಅಂತ ಇಟ್ಟ ಗಂಟನ್ನು ಮಧ್ಯ ವಯಸ್ಸಿನಲ್ಲೇ ಬಿಚ್ಚುವುದು ರೂಢಿಯಾಯಿತು.

2016ರ ಆ ಎರಡು ದಿನ

ಆ ಗಂಟು ಎಷ್ಟು ಮುಖ್ಯ ಎಂಬುದನ್ನು ದೇಶಕ್ಕೆ ತೋರಿಸಿದ್ದು ನಮ್ಮ ಹೆಣ್ಣುಮಕ್ಕಳೇ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಪಾಲಿನ ಪಿಎಫ್ ಮಾತ್ರ ತೆಗೆಯಬಹುದು, ಮಾಲೀಕರ ಪಾಲು ಸಿಗಬೇಕಾದರೆ 58 ವರ್ಷ ಆಗಬೇಕು ಎಂದು.

ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಮರುದಿನ ಪ್ರತಿಭಟನೆ ನಗರದ ಬೇರೆ ಕಡೆಗೂ ಹಬ್ಬಿತು. ಹೆಚ್ಚಿನವರು ಹೆಂಗಸರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ರಸ್ತೆಗಳು ಬಂದ್ ಆದವು, ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರ ಲಾಠಿ ಏಟು ಬಿತ್ತು. 19ರ ಸಂಜೆಯ ಹೊತ್ತಿಗೆ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆ ರದ್ದು ಎಂದು ಪ್ರಕಟಿಸಿದರು.

ಟೀವಿಯಲ್ಲಿ ಕೆಲವರು ಕೇಳಿದರು: ಮುಪ್ಪಿಗೆ ಉಳಿಯಲಿ ಎಂದರೆ ಬೇಡವೆನ್ನುತ್ತಾರಲ್ಲ, ಏಕೆ? ಉತ್ತರ ಸರಳ. ಗಾರ್ಮೆಂಟ್ಸ್‌ನಲ್ಲಿ 58ರ ತನಕ ಹೊಲಿಯುವವರು ಎಷ್ಟು ಮಂದಿ? ಒಂದು ಕೆಲಸ ಹೋಗಿ ಇನ್ನೊಂದು ಸಿಗುವ ತನಕ ಮನೆ ನಡೆಸುವುದು ಆ ಹಣ. ಅವರು ಕೇಳಿದ್ದು ದಾನವನ್ನಲ್ಲ, ತಮ್ಮದೇ ದುಡ್ಡನ್ನು ತಮಗೆ ಬೇಕಾದ ಹೊತ್ತಿಗೆ.

ಇಎಸ್‌ಐಯಲ್ಲಿ ತೆರೆದ ಬಾಗಿಲು

1948ರಲ್ಲಿ ಬಿಟ್ಟುಹೋಗಿದ್ದ ಸಾಲು ಇಎಸ್‌ಐಗೆ ಸೇರಲು 57 ವರ್ಷ ಬೇಕಾಯಿತು. 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂತು. ಫ್ಯಾಕ್ಟರಿ ಮುಚ್ಚಿ, ಇಲ್ಲವೇ ಕೆಲಸದಿಂದ ತೆಗೆದು ನಿರುದ್ಯೋಗಿಯಾದವರಿಗೆ ಅರ್ಧ ಸಂಬಳ, ಮೊದಲಿಗೆ ಆರು ತಿಂಗಳ ತನಕ.

2018ರ ಜುಲೈನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಶುರುವಾಯಿತು. ಸರಾಸರಿ ದಿನಗೂಲಿಯ ಕಾಲು ಭಾಗ, 90 ದಿನದ ತನಕ, ಜೀವನದಲ್ಲಿ ಒಂದೇ ಸಲ. ಕೆಲಸ ಹೋಗಿ 90 ದಿನ ಕಾಯಬೇಕು, ಅರ್ಜಿ ಹಳೆಯ ಮಾಲೀಕರ ಮೂಲಕವೇ ಹೋಗಬೇಕು. ಬ್ರಿಟನ್ನಿನ ಪುಸ್ತಕದಂತೆಯೇ ಇಲ್ಲೂ ಬೀಗದ ಕೈ ಮಾಲೀಕರ ಹತ್ತಿರವೇ ಇತ್ತು. ಕೆಲಸದಿಂದ ತೆಗೆದವರ ಬಾಗಿಲಿಗೇ ಹೋಗಿ ಸಹಿ ಕೇಳಬೇಕು!

ಕೊರೊನಾ ಇದನ್ನು ಬದಲಿಸಿತು. 2020ರಲ್ಲಿ ಕಾಲು ಭಾಗ ಅರ್ಧ ಭಾಗವಾಯಿತು, 90 ದಿನದ ಕಾಯುವಿಕೆ 30ಕ್ಕೆ ಇಳಿಯಿತು, ಅರ್ಜಿಯನ್ನು ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಕೊಡಬಹುದೆಂದಾಯಿತು. ಆಮೇಲೆ ಯೋಜನೆಯನ್ನು ಹಲವು ಸಲ ಮುಂದುವರಿಸಿದ್ದಾರೆ. ಇಲ್ಲೂ ಕಾರಣದ ಪ್ರಶ್ನೆ ಇದೆ. ತಾನಾಗಿ ಬಿಟ್ಟವರಿಗೆ ಇದು ಸಿಗುವುದಿಲ್ಲ. ನಡುವೆ ಹೊಸ ಕೆಲಸ ಸಿಕ್ಕರೆ, ಕೆಲಸ ಹೋದ ದಿನದಿಂದ ಹೊಸದಕ್ಕೆ ಸೇರಿದ ದಿನದವರೆಗೆ ಮಾತ್ರ ಲೆಕ್ಕ.

ಅದೇ 2020ರ ಜನವರಿಯಲ್ಲಿ ಪಿಎಫ್ ಕಡೆಯೂ ಒಂದು ಸಣ್ಣ ಬದಲಾವಣೆ ಆಯಿತು. ಅಲ್ಲಿಯವರೆಗೆ ಕೆಲಸ ಬಿಟ್ಟ ತಾರೀಖನ್ನು ಮಾಲೀಕರು ಮಾತ್ರ ಹಾಕಬಹುದಿತ್ತು. ಆಗಿನಿಂದ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ, ಯುಎಎನ್ ಇರುವ ಕಾರ್ಮಿಕರು ತಾವೇ ಹಾಕಬಹುದು. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ನಮಗೆ ಮಾತ್ರ ಇಡೀ ಕಥೆಯಲ್ಲಿ ದೊಡ್ಡ ಹೆಜ್ಜೆ ಇದೇ ಎನಿಸುತ್ತದೆ.

ಹಳ್ಳಿಯ ರಸೀದಿ, ಪದವೀಧರರ ಘೋಷಣೆ

ತಾರೀಖಿನ ಮಾತು ಫ್ಯಾಕ್ಟರಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಇತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಆದರೆ 15 ದಿನ ಎಣಿಸುವುದು ಯಾವತ್ತಿನಿಂದ? ಅರ್ಜಿ ಕೊಟ್ಟ ದಿನದಿಂದ. ತಾರೀಖು ಹಾಕಿದ ರಸೀದಿ ಇಲ್ಲದಿದ್ದರೆ ಅರ್ಜಿ ಕೊಟ್ಟೇ ಇಲ್ಲ ಎಂದಂತೆ. ಬಾಯಿ ಮಾತಲ್ಲಿ ಕೆಲಸ ಕೇಳಿದವರಿಗೆ ಆ ಹಕ್ಕು ಕಾಗದದಲ್ಲೇ ಉಳಿಯಿತು.

ನಮ್ಮ ರಾಜ್ಯದ ಯುವನಿಧಿಯಲ್ಲಿ ಇದೇ ಮಾತು ತಿರುವುಮುರುವು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಹಾಕಿದ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1500 ರೂಪಾಯಿ, ಕೆಲಸ ಸಿಗುವ ತನಕ, ಹೆಚ್ಚೆಂದರೆ ಎರಡು ವರ್ಷ. ಇನ್ನೂ ಕೆಲಸ ಇಲ್ಲ ಎಂದು ತಾವೇ ಘೋಷಣೆ ಕೊಡುತ್ತಿರಬೇಕು. ಇಲ್ಲಿ ತಾರೀಖು ಅರ್ಜಿದಾರರ ಕೈಯಲ್ಲಿದೆ, ಜವಾಬ್ದಾರಿಯೂ ಅವರದೇ. ಕೆಲಸಕ್ಕೆ ಸೇರಿದ ಮೇಲೂ "ಇಲ್ಲ" ಎಂದು ಒತ್ತಿದರೆ, ಹೊಸ ಕಂಪನಿ ಕಟ್ಟುವ ಪಿಎಫ್ ವಂತಿಗೆಯೇ ನಿಜ ಹೇಳಿಬಿಡುತ್ತದೆ.

ಈಗ ನಾವು ಮಾಡಬೇಕಾದ್ದು

ನಿಯಮಗಳು ಇನ್ನೂ ಬದಲಾಗುತ್ತಲೇ ಇವೆ. 2018ರ ಡಿಸೆಂಬರ್‌ನಿಂದ, ಕೆಲಸ ಹೋಗಿ ಒಂದು ತಿಂಗಳಿಗೆ ಪಿಎಫ್‌ನ ಮುಕ್ಕಾಲು ಭಾಗ, ಎರಡು ತಿಂಗಳಿಗೆ ಉಳಿದಿದ್ದು ಎಂದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಆಡಳಿತ ಮಂಡಳಿ ಬೇರೆ ತೀರ್ಮಾನ ಮಾಡಿತು: ಮುಕ್ಕಾಲು ಭಾಗ ಕೂಡಲೇ, ಉಳಿದ ಕಾಲು ಭಾಗಕ್ಕೆ 12 ತಿಂಗಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ಕೆಲಸದಿಂದ ತೆಗೆದವರಿಗೆ ಹೊಸ ಕಸುಬು ಕಲಿಯಲೆಂದು 15 ದಿನದ ಸಂಬಳ ಬೇರೆಯಾಗಿ ಕೊಡಬೇಕೆಂಬ ಮಾತಿದೆ. ಹಾಗಾಗಿ ಕ್ಲೇಮು ಹಾಕುವ ದಿನ ಯಾವ ನಿಯಮ ನಡೆಯುತ್ತಿದೆ ಎಂದು ಕೇಳಿಯೇ ಮುಂದುವರಿಯಿರಿ. ನಿಯಮ ಬದಲಾದರೂ ಬದಲಾಗದ ಕೆಲವು ಮಾತುಗಳಿವೆ.

ಕೆಲಸದಿಂದ ತೆಗೆದರೆ ಬರವಣಿಗೆಯಲ್ಲಿ ಕೇಳಿ. ರಾಜೀನಾಮೆಗೆ ಸಹಿ ಹಾಕುವ ಮುಂಚೆ ಮನೆಗೆ ತಂದು ಓದಿಸಿ.

ಕೊನೆಯ ಸಂಬಳದ ಚೀಟಿ, ಹಾಜರಾತಿ ಕಾರ್ಡು, ಇಎಸ್‌ಐ ನಂಬರು, ಯುಎಎನ್, ಇವಿಷ್ಟನ್ನೂ ಫೋಟೋ ತೆಗೆದು ಇಟ್ಟುಕೊಳ್ಳಿ.

ಬಿಟ್ಟ ತಾರೀಖು ಹಾಕುವಾಗ ಎರಡು ಸಲ ನೋಡಿ ಹಾಕಿ. ಹಳೆಯ ಕೆಲಸ ಬಿಟ್ಟ ದಿನ ಹೊಸ ಕೆಲಸ ಸೇರಿದ ದಿನಕ್ಕಿಂತ ಮುಂಚೆ ಇರಬೇಕು. ಎರಡೂ ಒಂದರ ಮೇಲೊಂದು ಬಿದ್ದರೆ ಕ್ಲೇಮು ಸಿಕ್ಕಿಕೊಳ್ಳುತ್ತದೆ.

ಹೊಸ ಕೆಲಸ ಸಿಕ್ಕಿದ್ದರೆ, ತೀರಾ ಕಷ್ಟವಿಲ್ಲದಿದ್ದರೆ, ಹಣ ತೆಗೆಯುವ ಬದಲು ಹೊಸ ಖಾತೆಗೆ ವರ್ಗ ಮಾಡಿಸಿ. ಹತ್ತು ವರ್ಷದ ಸೇವೆ ಸೇರಿದರೆ ತಿಂಗಳ ಪಿಂಚಣಿಗೆ ಹಕ್ಕು ಬರುತ್ತದೆ. ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ.

ಮದ್ದೂರಿನ ಅಕ್ಕನ ಕಥೆಗೆ ಬರೋಣ. ಎರಡು ತಿಂಗಳು ದಾಟಿದ್ದರಿಂದ ತಾರೀಖನ್ನು ಅವರೇ ಹಾಕಬಹುದಿತ್ತು. ಹುಡುಗ ಒತ್ತಿದ, ಓಟಿಪಿ ಹೋಯಿತು. ಅಕ್ಕನ ಫೋನು ಸುಮ್ಮನಿತ್ತು. ಆಧಾರ್‌ಗೆ ಕೊಟ್ಟಿದ್ದು ಮೈಸೂರಿನಲ್ಲಿರುವ ತಮ್ಮನ ನಂಬರು. ತಮ್ಮ ಡ್ಯೂಟಿಯಲ್ಲಿದ್ದ, ಫೋನ್ ಎತ್ತಲಿಲ್ಲ. ಸಂಜೆ ಮತ್ತೆ ಬಂದರು. ತಮ್ಮ ನಂಬರು ಓದಿ ಹೇಳಿದ, ಇವರು ಒತ್ತಿಸಿದರು. ಆರು ವರ್ಷದ ಕೆಲಸಕ್ಕೆ ಕೊನೆಯ ತಾರೀಖು ಬಿತ್ತು. ಫೀಸಿನ ದಿನ ಹತ್ತಿರ ಇದ್ದುದರಿಂದ ಅಕ್ಕ ಪಿಎಫ್ ಹಣ ಕೇಳಿದರು. ಪಿಂಚಣಿಯ ಭಾಗವನ್ನು ಮಾತ್ರ ಮುಟ್ಟಲಿಲ್ಲ. ಇಎಸ್‌ಐಯಲ್ಲಿ ಅಂಥದ್ದೊಂದು ಯೋಜನೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮಗೂ ಆಗ ಗೊತ್ತಿರಲಿಲ್ಲ. ಈ ಬರಹ ಬರೆಯಲು ಅದೂ ಒಂದು ಕಾರಣ.

ಮಾಲೀಕರ ಕೈಯಿಂದ ತಾರೀಖು ಅಕ್ಕನ ಕೈಗೆ ಬರಲು ಇಷ್ಟೆಲ್ಲ ಹೋರಾಟ, ಇಷ್ಟೆಲ್ಲ ಕಾನೂನು ಬೇಕಾಯಿತು. ಕೊನೆಯ ಒಂದು ಹೆಜ್ಜೆ ನಮ್ಮ ಮನೆಗಳಲ್ಲೇ ಬಾಕಿ ಇದೆ. ಇದನ್ನು ಓದುತ್ತಿರುವ ಫೋನಿನ ನಂಬರು ನಿಮ್ಮ ಆಧಾರ್‌ನಲ್ಲಿ, ನಿಮ್ಮ ಪಿಎಫ್‌ನಲ್ಲಿ ಇದೆಯೇ? ಇವತ್ತೇ ನೋಡಿಕೊಳ್ಳಿ. ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳದ್ದನ್ನೂ ನೋಡಿಕೊಡಿ.