ಎಣಿಕೆಯೂ ಒಳನೋಟವೂ

ಗುಬ್ಬಿಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ನಿಟ್ಟೂರೆಂಬ ಗ್ರಾಮವುಂಟು. ತೆಂಗು ಅಡಕೆಗಳ ತೋಟಗಳೂ ಹೊಯ್ಸಳರ ಕಾಲದ ಜೈನಬಸದಿಯೂ ಅದರ ಹೆಗ್ಗುರುತುಗಳು. ಇಂತಹ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಸೂರಿನ ಕೆಳಗೆ ವಾಸವಾಗಿದ್ದು, ಒಲೆಯನ್ನು ಮಾತ್ರ ಬೇರೆ ಮಾಡಿಕೊಂಡು, ತೋಟವನ್ನು ಹಂಚಿಕೊಳ್ಳದೆ ಇರುವರೆಂದು ಭಾವಿಸಬಹುದು. ಗಣತಿಯವನು ಬಂದರೆ, ಅಡುಗೆ ಬೇರೆಯಾದುದರಿಂದ ಅವರನ್ನು ಎರಡು ಕುಟುಂಬಗಳೆಂದು ಬರೆದುಕೊಳ್ಳುವನು. ಅವನ ನಿಯಮದ ಪ್ರಕಾರ ಅದು ಸರಿಯೇ. ಆದರೆ ಹಿರಿಯರ ಹಬ್ಬಕ್ಕೆ ಇಡುವ ಎಡೆ ಒಂದೇ, ಸಾಲಕ್ಕೆ ಹೊಣೆ ಒಂದೇ, ಮಗಳ ಮದುವೆಗೆ ಕೂಡಿಸುವ ಹಣ ಒಂದೇ ಎಂಬುದು ಅವನ ಪಟ್ಟಿಗೆ ಸೇರದು. ಜನರ ಬಾಳನ್ನು ಎಣಿಸಿ ತಿಳಿಯಬೇಕೋ, ಜೊತೆಯಲ್ಲಿದ್ದು ಅರಿಯಬೇಕೋ ಎಂಬ ಪ್ರಶ್ನೆಯು ಇಲ್ಲಿ ಹುಟ್ಟುವುದು.

ಈ ಪ್ರಶ್ನೆಯು ಹಳೆಯದು. ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣರಾಜನು ರಥದಲ್ಲಿ ಹೋಗುತ್ತಿರುವಾಗಲೇ ದಾರಿಯ ತಾರೆಯ ಮರದ ಎಲೆ ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ಬಾಹುಕವೇಷದ ನಳನು ಅದನ್ನು ನಂಬದೆ, ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿ ನೋಡಲು, ಲೆಕ್ಕವು ಸರಿಯಾಗಿರುತ್ತದೆ. ಸಂಖ್ಯೆಯನ್ನು ಬಲ್ಲ ರಾಜನಿಗೆ ಕುದುರೆಯ ಮನಸ್ಸು ತಿಳಿಯದು; ಕುದುರೆಯ ಮನಸ್ಸನ್ನು ಬಲ್ಲ ನಳನಿಗೆ ಸಂಖ್ಯೆಯ ಮರ್ಮ ತಿಳಿಯದು. ಒಬ್ಬರ ವಿದ್ಯೆಯನ್ನು ಮತ್ತೊಬ್ಬರಿಗೆ ಕೊಡಲು ಅವರು ಒಪ್ಪಿದ ಬಳಿಕವೇ ಕಲಿಯು ನಳನ ದೇಹವನ್ನು ಬಿಟ್ಟು ಹೊರಟನು. ಸಮಾಜಶಾಸ್ತ್ರಜ್ಞರು ಪರಿಮಾಣಾತ್ಮಕ, ಗುಣಾತ್ಮಕ, ಮಿಶ್ರ ಎಂದು ಹೆಸರಿಸುವ ಮೂರು ಶೋಧನಮಾರ್ಗಗಳ ತತ್ತ್ವವು ಈ ಕಥೆಯಲ್ಲಿ ಅಡಗಿದೆಯೆನ್ನಬಹುದು.

ಕನ್ನಡನಾಡಿನಲ್ಲಿ ಈ ಮಾರ್ಗಗಳು ಬೆಳೆದುಬಂದ ಬಗೆಯು ವಿಚಾರಾರ್ಹವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿ, ಗುಬ್ಬಿಯ ಮೇಲೂ ಹಾದುಹೋದನು. ರೈತರನ್ನೂ ವರ್ತಕರನ್ನೂ ಕೇಳಿ, ಬೆಳೆ, ವ್ಯಾಪಾರ, ಜಾತಿಗಳ ಆಚಾರ ಇವುಗಳನ್ನು ಬರೆದುಕೊಂಡನು. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನದು ಕೇಳಿ ಬರೆದ ಜ್ಞಾನ. ಹೇಳಿದವರ ಮಾತೇ ಅದಕ್ಕೆ ಪ್ರಮಾಣ.

ಸೀಮೆಯ ಕ್ರಮಬದ್ಧವಾದ ಜನಗಣತಿಯು 1871ರಲ್ಲಿ ನಡೆಯಿತು. ಆಗ ದೊರೆತ ಸಂಖ್ಯೆ 50,55,412. 1881ರಲ್ಲಿ ಮತ್ತೆ ಎಣಿಸಿದಾಗ 41,86,188 ಮಂದಿ ಮಾತ್ರ ಇದ್ದರು. ನೂರಕ್ಕೆ 17ರಷ್ಟು ಜನರು ಇಲ್ಲವಾಗಿದ್ದರು. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಬಂದ ಮಹಾಕ್ಷಾಮದ ಭೀಕರತೆಯನ್ನು ಈ ಎರಡು ಅಂಕಿಗಳಷ್ಟು ನಿರ್ದಯವಾಗಿ ಯಾವ ವರ್ಣನೆಯೂ ಹೇಳಲಾರದು. ತನ್ನೂರಿನ ಸಾವನ್ನು ಕಂಡವನು ನಾಡಿನ ಸಾವನ್ನು ಕಾಣಲಾರನು. ಅದು ಎಣಿಕೆಗೆ ಮಾತ್ರ ಸಾಧ್ಯ. ಆದರೆ ಮೊದಲು ದನಗಳನ್ನು ಮಾರಿದವರಾರು, ಯಾರ ಬಾಗಿಲು ಹಸಿದವರಿಗೆ ತೆರೆದಿತ್ತು, ಯಾರದು ಮುಚ್ಚಿತ್ತು ಎಂಬುದನ್ನು ಆ ಅಂಕಿಗಳು ಹೇಳವು.

ಎಣಿಕೆಗೆ ಇನ್ನೊಂದು ದೋಷವೂ ಉಂಟು. 1901ರ ಗಣತಿಯಲ್ಲಿ ರಿಸ್ಲೆಯು ಜಾತಿಗಳನ್ನು ಮೇಲುಕೀಳುಗಳ ಕ್ರಮದಲ್ಲಿ ಇಡಲು ಹೊರಟಾಗ, ತಮ್ಮನ್ನು ಉತ್ತಮವರ್ಣದವರೆಂದು ಬರೆಯಬೇಕೆಂಬ ಅರ್ಜಿಗಳು ದೇಶದ ನಾನಾ ಭಾಗಗಳಿಂದ ಬಂದುವು. ಅಳೆಯಲು ಹೊರಟ ಕೋಲೇ ಅಳೆಯಬೇಕಾದ ವಸ್ತುವನ್ನು ಅಲುಗಾಡಿಸಿತು.

ಎರಡನೆಯ ಮಾರ್ಗಕ್ಕೆ ಉತ್ತಮವಾದ ನಿದರ್ಶನವೆಂದರೆ ಮೈಸೂರಿನ ಎಂ. ಎನ್. ಶ್ರೀನಿವಾಸರ ಕಾರ್ಯ. ಅವರು 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ವಾಸಮಾಡಿ, ಅದಕ್ಕೆ ರಾಂಪುರವೆಂಬ ಕಲ್ಪಿತನಾಮವನ್ನಿಟ್ಟು ಬರೆದರು. ಊರಿನಲ್ಲಿ ಪ್ರಬಲವಾದ ಜಾತಿಯು ತಲೆಯೆಣಿಕೆಯಿಂದ ಮಾತ್ರ ಪ್ರಬಲವಾಗದೆ, ಭೂಮಿ ಮೊದಲಾದ ಇತರ ಬಲಗಳನ್ನೂ ಕೂಡಿಸಿಕೊಂಡಿರುವುದೆಂಬ ಅವರ ಸಿದ್ಧಾಂತವು ಈ ಸಹವಾಸದ ಫಲ. 1970ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಬೆಂಕಿಗೆ ತುತ್ತಾಗಲು, ಅವರು ನೆನಪನ್ನೇ ಆಶ್ರಯಿಸಿ ಗ್ರಂಥವನ್ನು ರಚಿಸಿ 1976ರಲ್ಲಿ ಪ್ರಕಟಿಸಿದರು. ಕಾಗದವು ಸುಟ್ಟರೂ ಅರಿವು ಸುಡಲಿಲ್ಲ. ಆದರೂ ಪಟೇಲರ ಆಶ್ರಯದಲ್ಲಿ ಬಿಡಾರ ಮಾಡಿದವನಿಗೆ ಹೊಲೆಗೇರಿಯ ಬಾಳು ದೂರವೇ ಉಳಿಯಿತೆಂಬುದನ್ನು ಅವರೇ ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಒಳನೋಟಕ್ಕೂ ಒಂದು ಕಿಟಕಿ ಬೇಕು. ಕಿಟಕಿಯು ಯಾರ ಮನೆಯದೆಂಬುದರ ಮೇಲೆ ನೋಟವು ನಿಲ್ಲುವುದು.

ಅನ್ನವು ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುವ ಸ್ಥಾಲೀಪುಲಾಕನ್ಯಾಯವು ಸುಪ್ರಸಿದ್ಧವಾದುದಷ್ಟೆ. ಕೆಲವೇ ಮನೆಗಳನ್ನು ಆರಿಸಿ ಎಲ್ಲರ ವಿಷಯವನ್ನು ಊಹಿಸುವ ಮಾದರಿ ಸಮೀಕ್ಷೆಯ ಆಧಾರವೂ ಇದೇ. ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ 1951-52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವು ಈ ಬಗೆಯದು. ಆದರೆ ಈ ನ್ಯಾಯವು ಸಲ್ಲಬೇಕಾದರೆ ಪಾತ್ರೆಯಲ್ಲಿರುವುದು ಒಂದೇ ಅಕ್ಕಿಯಾಗಿರಬೇಕು, ಉರಿಯೂ ಸಮನಾಗಿರಬೇಕು. ಊರೆಂಬುದು ಅಂತಹ ಪಾತ್ರೆಯಲ್ಲ. ಆದುದರಿಂದಲೇ ಅಗುಳುಗಳನ್ನು ಕೇರಿಕೇರಿಯಿಂದ ಆರಿಸಬೇಕಾಗುವುದು.

ಎರಡನ್ನೂ ಕೂಡಿಸಿದ ಪ್ರಯತ್ನವು 1979ರಲ್ಲಿ ಮೊದಲಾಯಿತು. ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳೂ ಬೆಂಗಳೂರಿನ ಪಿ. ಎಚ್. ರೆಡ್ಡಿಯವರೂ ದಕ್ಷಿಣ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕವನ್ನೂ ತೆಗೆದುಕೊಂಡರು, ಮತ್ತೆ ಮತ್ತೆ ಹೋಗಿ ಕುಳಿತು ಮಾತುಕಥೆಯನ್ನೂ ಆಡಿದರು. ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿತೆಂದು ಅಂಕಿಗಳು ತಿಳಿಸಿದುವು. ತೆರ ಕೊಡುವ ವಾಡಿಕೆ ಹಿಂಜರಿದು ವರದಕ್ಷಿಣೆ ಬಂದುದು, ಸೋದರಸಂಬಂಧಗಳು ಕಡಮೆಯಾದುದು, ವರನನ್ನು ಹುಡುಕುವುದೇ ಕಷ್ಟವಾದುದು, ಇವನ್ನು ತಾಯಿತಂದೆಗಳ ಮಾತು ತಿಳಿಸಿತು. ಒಂದು ‘ಎಷ್ಟು’ ಎಂಬುದಕ್ಕೆ ಉತ್ತರ, ಇನ್ನೊಂದು ‘ಏಕೆ’ ಎಂಬುದಕ್ಕೆ.

ಎರಡನ್ನು ಬೆರಸಿದ ಮಾತ್ರಕ್ಕೆ ಸತ್ಯವು ಕೈಸೇರುವುದೆಂದು ತಿಳಿಯಲಾಗದು. ಒಂದು ಇನ್ನೊಂದನ್ನು ಪರೀಕ್ಷಿಸಿದಾಗಲೇ ಮಿಶ್ರಮಾರ್ಗವು ಸಾರ್ಥಕ. ನಳನು ರಾಜನ ಮಾತನ್ನು ಒಪ್ಪುವ ಮೊದಲು ಎಣಿಸಿ ನೋಡಿದನೆಂಬುದನ್ನು ಮರೆಯಬಾರದು.

ಇದು ಪಂಡಿತರ ವಾದಮಾತ್ರವಲ್ಲ. ಜನಗಣತಿಯಲ್ಲಿ ಎಲ್ಲ ಜಾತಿಗಳ ಎಣಿಕೆಯು ನಡೆದು ಪ್ರಕಟವಾದುದು 1931ರಲ್ಲಿಯೇ ಕೊನೆ. 2027ರ ಗಣತಿಯಲ್ಲಿ ಅದನ್ನು ಮತ್ತೆ ನಡೆಸುವುದೆಂದು ಭಾರತ ಸರ್ಕಾರವು 2025ರಲ್ಲಿ ಪ್ರಕಟಿಸಿತು. ಶಾಲೆ, ಉದ್ಯೋಗ, ನೆರವು ಇವುಗಳ ಪಾಲು ಇಂತಹ ಅಂಕಿಗಳನ್ನು ಅವಲಂಬಿಸಿರುವುದು. ಎಣಿಕೆಗೆ ಸಿಕ್ಕದವನಿಗೆ ಪಾಲಿಲ್ಲ. ಎಣಿಕೆಗೆ ಸಿಕ್ಕಿಯೂ ಅವನ ಕಷ್ಟವನ್ನು ಯಾರೂ ಕೇಳದಿದ್ದರೆ, ದೊರೆತ ಪಾಲು ಅವನ ಹಸಿವಿಗೆ ಹೊಂದುವುದಿಲ್ಲ. ನಿಟ್ಟೂರಿನಂತಹ ಊರಿನ ಆ ಅಣ್ಣತಮ್ಮಂದಿರ ಮನೆಯಲ್ಲಿ ಒಲೆಗಳನ್ನು ಎಣಿಸಿದವನು, ಎದ್ದು ಹೋಗುವ ಮುನ್ನ ತೋಟದ ಮಾತನ್ನೂ ಕೇಳುವುದು ಲೇಸು.