ಆರೋಗ್ಯರಕ್ಷಣೆಯ ವೆಚ್ಚ ಮತ್ತು ಕರ ವಿನಾಯಿತಿ: ಒಂದು ಅವಲೋಕನ

ವರ್ತಕನು ತನ್ನ ಅಂಗಡಿಯ ತಕ್ಕಡಿಯನ್ನು ದುರಸ್ತಿ ಮಾಡಿಸಿದರೆ ಆ ವೆಚ್ಚವನ್ನು ಲಾಭದಿಂದ ಕಳೆಯಲು ಆದಾಯ ತೆರಿಗೆಯ ಕಾನೂನು ಸಮ್ಮತಿಸುತ್ತದೆ. ಅದೇ ವರ್ತಕನು ತನ್ನ ದೇಹವನ್ನು ಸುಸ್ಥಿತಿಯಲ್ಲಿರಿಸಿಕೊಳ್ಳಲು ಮಾಡುವ ವೆಚ್ಚವನ್ನು ಕಾನೂನು ಬಹುಕಾಲ ಸ್ವಂತ ಖರ್ಚೆಂದೇ ಎಣಿಸಿತು. ದುಡಿಯುವ ದೇಹವಿಲ್ಲದೆ ಆದಾಯವೆಲ್ಲಿಯದು ಎಂಬ ಪ್ರಶ್ನೆಗೆ ಶಾಸನಕರ್ತರು ಕಂಡುಕೊಂಡ ಉತ್ತರಗಳ ಇತಿಹಾಸವು ವಿಚಾರಾರ್ಹವಾಗಿದೆ.

ಅಮೆರಿಕದಲ್ಲಿ 1942ರಲ್ಲಿ, ಯುದ್ಧದ ವೆಚ್ಚಕ್ಕಾಗಿ ತೆರಿಗೆಯು ಸಾಮಾನ್ಯ ಸಂಬಳದಾರರನ್ನೂ ಮುಟ್ಟಿದಾಗ, ನಿವ್ವಳ ಆದಾಯದ ಶೇಕಡಾ 5ನ್ನು ಮೀರಿದ ವೈದ್ಯಕೀಯ ವೆಚ್ಚಕ್ಕೆ ಮೊದಲ ಬಾರಿಗೆ ಕಡಿತ ದೊರೆಯಿತು. ಆದರೆ ರೋಗ ಚಿಕಿತ್ಸೆಗೆ ದೊರೆತದ್ದು ಆರೋಗ್ಯವರ್ಧನೆಗೆ ದೊರೆಯಲಿಲ್ಲ. ಧೂಮಪಾನ ಬಿಡಿಸುವ ಶಿಬಿರದ ಶುಲ್ಕವನ್ನು 1979ರಲ್ಲಿ ನಿರಾಕರಿಸಿದ ಅಲ್ಲಿನ ಕಂದಾಯ ಇಲಾಖೆಯು 1999ರಲ್ಲಿ ತನ್ನ ನಿಲುವನ್ನು ಬದಲಿಸಿತು. ಸ್ಥೂಲಕಾಯವನ್ನು ರೋಗವೆಂದು ಪರಿಗಣಿಸಿ, ಅದರ ನಿವಾರಣೆಯ ವೆಚ್ಚವನ್ನು 2002ರಲ್ಲಿ ಒಪ್ಪಿತು. ವ್ಯಾಯಾಮಶಾಲೆಯ ಶುಲ್ಕವನ್ನೂ ಸೇರಿಸಬೇಕೆಂಬ ಮಸೂದೆಗೆ 2018ರ ಜುಲೈನಲ್ಲಿ ಕೆಳಮನೆಯ ಒಪ್ಪಿಗೆ ದೊರೆತರೂ ಅದು ಕಾನೂನಾಗಲಿಲ್ಲ.

ನಮ್ಮ ದೇಶದ ದಾರಿ ಬೇರೆ. 1986ರಲ್ಲಿ ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ಯೋಜನೆಯನ್ನು ಆರಂಭಿಸಿದವು. ಅದೇ ವರ್ಷದ ಹಣಕಾಸು ಕಾಯಿದೆಯು 1961ರ ಆದಾಯ ತೆರಿಗೆ ಕಾಯಿದೆಗೆ 80ಡಿ ಎಂಬ ಕಲಮನ್ನು ಸೇರಿಸಿ, ಆರೋಗ್ಯ ವಿಮೆಯ ಕಂತಿಗೆ ಕಡಿತವನ್ನು ಕೊಟ್ಟಿತು. ಕಂತನ್ನು ಚೆಕ್ಕಿನ ಮೂಲಕವೇ ಪಾವತಿಸಬೇಕೆಂಬ ನಿಬಂಧನೆಯಿತ್ತು. ಲೆಕ್ಕದ ಶುದ್ಧಿಗೆ ಅದು ಅಗತ್ಯವಾಗಿದ್ದಿರಬಹುದು. ಬ್ಯಾಂಕ್ ಖಾತೆಯಿಲ್ಲದವರನ್ನು ಅದು ಹೊರಗಿರಿಸಿತೆಂಬುದೂ ಅಷ್ಟೇ ನಿಜ. ನೌಕರರಿಗಾದರೋ, ಮಾಲೀಕರು ಮರುಪಾವತಿಸಿದ ಚಿಕಿತ್ಸಾ ವೆಚ್ಚದಲ್ಲಿ ವರ್ಷಕ್ಕೆ 15,000 ರೂಪಾಯಿಗಳವರೆಗೆ ತೆರಿಗೆ ಇರಲಿಲ್ಲ. ಔಷಧದ ರಸೀದಿಯೇ ಅದಕ್ಕೆ ಆಧಾರ. ಕಾಯಿಲೆಯೇ ಇಲ್ಲದವನು ರಸೀದಿಯನ್ನು ಹೊಂದಿಸಿಕೊಳ್ಳುವ ಪ್ರಲೋಭನೆಗೆ ಇಲ್ಲಿ ಅವಕಾಶವಿತ್ತು; ಆರೋಗ್ಯವಂತನ ಸತ್ಯಸಂಧತೆಗೆ ಇದು ವರ್ಷವರ್ಷವೂ ಒದಗಿದ ಪರೀಕ್ಷೆ. 2018ರಲ್ಲಿ ಈ ವಿನಾಯಿತಿಯನ್ನೂ ಸಾರಿಗೆ ಭತ್ಯೆಯ ವಿನಾಯಿತಿಯನ್ನೂ ಕೈಬಿಟ್ಟು, ರಸೀದಿಯನ್ನು ಕೇಳದ 40,000 ರೂಪಾಯಿಗಳ ಪ್ರಮಾಣಿತ ಕಡಿತವನ್ನು ತರಲಾಯಿತು. ಹಿರಿಯ ನಾಗರಿಕರಿಗೆ ವಿಮೆ ಇಲ್ಲದಿದ್ದರೂ 50,000 ರೂಪಾಯಿಗಳವರೆಗಿನ ಚಿಕಿತ್ಸಾ ವೆಚ್ಚಕ್ಕೆ ಕಡಿತ ಲಭಿಸಿದ್ದೂ ಅದೇ ವರ್ಷ.

ರೋಗ ಬರುವ ಮೊದಲೇ ಎಚ್ಚರ ವಹಿಸುವವನನ್ನು ನಮ್ಮ ಕಾನೂನು ಗುರುತಿಸಿದ್ದು 2012ರಲ್ಲಿ. ಮುನ್ನೆಚ್ಚರಿಕೆಯ ಆರೋಗ್ಯ ತಪಾಸಣೆಗೆ 5,000 ರೂಪಾಯಿಗಳವರೆಗೆ ಕಡಿತ ದೊರೆಯಿತು. ಇದಕ್ಕೆ ಮಾತ್ರ ನಗದು ಪಾವತಿಗೂ ಅನುಮತಿಯಿತ್ತು. ಆದರೆ ಆ ಮೊತ್ತವು ವಿಮೆಯ ಮಿತಿಯೊಳಗೇ ಅಡಗಿದ್ದರಿಂದ, ವಿಮೆಯ ಕಂತೇ ಮಿತಿಯನ್ನು ಮುಟ್ಟಿದವನಿಗೆ ಹೆಚ್ಚಿನದೇನೂ ಸಿಗಲಿಲ್ಲ.

ಇಲ್ಲೊಂದು ಸರಳ ಗಣಿತವನ್ನು ಗಮನಿಸಬೇಕು. ಶೇಕಡಾ 30ರ ದರದಲ್ಲಿ ತೆರಿಗೆ ಕೊಡುವವನು 5,000 ರೂಪಾಯಿಗಳ ತಪಾಸಣೆ ಮಾಡಿಸಿದರೆ 1,500 ರೂಪಾಯಿ ಉಳಿಯುತ್ತದೆ. ಶೇಕಡಾ 20ರವನಿಗೆ 1,000 ರೂಪಾಯಿ. ತೆರಿಗೆ ಕೊಡುವಷ್ಟು ಆದಾಯವೇ ಇಲ್ಲದ ಹಮಾಲಿಗೆ ಶೂನ್ಯ. ಅಗತ್ಯ ಹೆಚ್ಚಿದ್ದಲ್ಲಿ ನೆರವು ಕಡಿಮೆ. ಎಲ್ಲ ಕಡಿತಗಳಿಗೂ ಅಂಟಿದ ದೋಷವಿದು. 2020ರಲ್ಲಿ ಬಂದು 2023ರಿಂದ ಸಹಜ ಆಯ್ಕೆಯಾದ ಹೊಸ ತೆರಿಗೆ ಪದ್ಧತಿಯು ದರವನ್ನು ಇಳಿಸಿ ಈ ಕಡಿತವನ್ನೇ ಬಿಟ್ಟಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ರದ್ದಾಯಿತು. ಆದಾಯ ತೆರಿಗೆ ಕೊಡದವನಿಗೂ ಈ ನೆರವು ತಲುಪುತ್ತದೆ. ಆದರೆ ವಿಮೆಯನ್ನು ಕೊಳ್ಳುವ ಶಕ್ತಿಯಾದರೂ ಅವನಲ್ಲಿರಬೇಕು.

ಕಡಿತವು ಮುಟ್ಟದ ಮನೆಯನ್ನು ಮುಟ್ಟಬಲ್ಲದ್ದು ದತ್ತಿ ಸಂಸ್ಥೆ. ವೈದ್ಯಕೀಯ ನೆರವು 1922ರ ಕಾಯಿದೆಯಿಂದಲೂ ಧರ್ಮಾರ್ಥ ಉದ್ದೇಶವೆಂದು ಮಾನ್ಯವಾಗಿದೆ. 2015ರಲ್ಲಿ ಯೋಗವೂ ಆ ಪಟ್ಟಿಯನ್ನು ಸೇರಿತು. ತನಗೆ ಉಳಿದ 1,500 ರೂಪಾಯಿಯನ್ನು ಅನುಕೂಲಸ್ಥನು ತನ್ನ ಅಂಗಡಿಯ ಹಮಾಲಿಯ ತಪಾಸಣೆಗೆ ಕೊಟ್ಟರೆ, ಕಾನೂನು ಮಾಡಲಾಗದ ಕೆಲಸವೊಂದು ನಡೆದೀತು. ಅದಕ್ಕೆ ರಸೀದಿಯ ಅಗತ್ಯವೂ ಇಲ್ಲ.